ಕಟ್ಟು ಬಿಚ್ಚುವ ಮೊದಲು: ಮನೆಯ ಕಾಗದಗಳನ್ನು ಪತ್ರಾಗಾರಕ್ಕೆ ತಂದ ನನ್ನ ಅನುಭವ

ಮಂಗಳೂರಿನ ಒಂದು ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ, ಹಿಂದೆ ಹಳೆಯ ಪತ್ರಿಕೆಗಳ ಸಂಪುಟಗಳನ್ನು ಪೇರಿಸಿಡುತ್ತಿದ್ದ ಎರಡು ಕೋಣೆಗಳಲ್ಲಿ, ಹನ್ನೆರಡು ವರ್ಷಗಳಿಂದ ನಾನು ಒಂದು ಸಣ್ಣ ಪತ್ರಾಗಾರವನ್ನು ನೋಡಿಕೊಳ್ಳುತ್ತಿದ್ದೇನೆ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಮನೆಗಳಿಂದ, ಯುವಕ ಮಂಡಲಗಳಿಂದ, ಭಜನಾ ಮಂದಿರಗಳಿಂದ, ಬಾಗಿಲು ಮುಚ್ಚಿದ ಅಂಗಡಿಗಳಿಂದ ಬಂದ ಕಾಗದಗಳು ಅಲ್ಲಿವೆ: ಮುಂಬಯಿಯಿಂದ ಬಂದ ಇನ್‌ಲ್ಯಾಂಡ್ ಪತ್ರಗಳು, ಗೇಣಿ ಅಕ್ಕಿಯ ಲೆಕ್ಕದ ಪುಸ್ತಕಗಳು, ಬೀಡಿ ಪಾಸ್‌ಬುಕ್ಕುಗಳು, ಬಯಲಾಟದ ಕರಪತ್ರಗಳು, ರಂಪಣಿ ಎಂಬ ದೊಡ್ಡ ಮೀನುಬಲೆಯ ಪಾಲಿನ ಲೆಕ್ಕ, ಮದುವೆಯ ಮುಯ್ಯಿಯ ಪಟ್ಟಿಗಳು, ಕ್ಯಾಸೆಟ್ಟುಗಳು. ಇಂಥದೇ ಕೆಲಸವನ್ನು ತಮ್ಮಲ್ಲಿ ಆರಂಭಿಸಬೇಕೆಂದಿರುವ ಅಧ್ಯಾಪಕರೂ ಗ್ರಂಥಪಾಲಕರೂ ಈಚೆಗೆ ಮತ್ತೆಮತ್ತೆ ವಿಚಾರಿಸುತ್ತಿರುವುದರಿಂದ, ನಾನು ಮಾಡಿದ್ದನ್ನು, ನನ್ನ ಕೈಯಲ್ಲಿ ಕೆಟ್ಟದ್ದನ್ನೂ ಸೇರಿಸಿ, ಇಲ್ಲಿ ಬರೆದಿಡುತ್ತಿದ್ದೇನೆ.

ಕರಾವಳಿಯ ಕೆಲವು ದಾಖಲೆಗಳಿಗೆ ಮೊದಲಿನಿಂದಲೂ ಕಾಯುವವರಿದ್ದರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು 1841ರಲ್ಲಿ ಮುದ್ರಣಾಲಯವನ್ನೂ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದರು. ಅವರು ತಮ್ಮ ದೇಶಕ್ಕೆ ಬರೆದು ಕಳುಹಿಸಿದ ವರದಿಗಳೂ ಛಾಯಾಚಿತ್ರಗಳೂ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಇಂದಿಗೂ ಅಚ್ಚುಕಟ್ಟಾಗಿವೆ, ಇಲ್ಲಿಯೇ ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿಯೂ ಮಿಷನ್ ಕಾಲದ ಗ್ರಂಥಗಳಿವೆ, ಕಾಗದಗಳಿವೆ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಪೈಗಳ ಪುಸ್ತಕ ಸಂಗ್ರಹ ಉಳಿದುಕೊಂಡಿದೆ. ಇಗರ್ಜಿಗಳ ಜ್ಞಾನಸ್ನಾನದ ಪುಸ್ತಕಗಳನ್ನು ಒಬ್ಬ ಪಾದ್ರಿಗಳು ಮತ್ತೊಬ್ಬರಿಗೆ ಒಪ್ಪಿಸುತ್ತ ಬಂದಿದ್ದಾರೆ. ಆದರೆ ಅದೇ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹದ ಮಾಡಿದವರ ಮನೆಯಲ್ಲಿ ಸಾಲದ ಲೆಕ್ಕವನ್ನು ಯಾವ ಪುಸ್ತಕದಲ್ಲಿ ಬರೆದಿಟ್ಟಿದ್ದರು, ಅವರ ಮಗಳು ಬೀಡಿ ಕಟ್ಟಿ ತಂದ ಹಣದಲ್ಲಿ ಏನು ಕೊಂಡರು ಎಂಬುದನ್ನು ಕಾಯುವ ಹೊಣೆ ಯಾರದ್ದೂ ಆಗಿರಲಿಲ್ಲ. ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟುವ ವಾರದಲ್ಲಿ ಅಟ್ಟದಿಂದ ಇಳಿದ ಕಾಗದಗಳಲ್ಲಿ ಅರ್ಧ ಬಚ್ಚಲ ಒಲೆಗೆ, ಉಳಿದರ್ಧ ಗುಜರಿಗೆ ಹೋಗುವುದನ್ನು ನಾನು ನನ್ನ ತವರಿನಲ್ಲಿಯೇ ಕಂಡಿದ್ದೇನೆ.

ನಮ್ಮಲ್ಲಿಗೆ ಬಂದ ಮೊದಲ ದೊಡ್ಡ ಸಂಗ್ರಹ ಕಾಪು ಕಡೆಯ ಒಂದು ಗ್ರಾಮದ ಮಾಸ್ತರರದ್ದು. ಈ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ ಡಿಸ್ಟ್ರಿಕ್ಟ್ ಬೋರ್ಡಿನವರು ನಡೆಸುತ್ತಿದ್ದ, ಜನರ ಬಾಯಲ್ಲಿ ಬೋರ್ಡು ಶಾಲೆಯೆಂದೇ ಹೆಸರಾಗಿದ್ದ ಶಾಲೆಯಲ್ಲಿ ಅವರು ಕೆಲಸಕ್ಕೆ ಸೇರಿದ್ದರು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಅದೇ ಶಾಲೆಯಲ್ಲಿ ಮುಂದುವರಿದರು. ಊರಿನ ಗಂಡಸರಲ್ಲಿ ಬಹಳ ಮಂದಿ ಮುಂಬಯಿಯ ಹೋಟೆಲುಗಳಲ್ಲಿ, ಗಿರಣಿಗಳಲ್ಲಿ ದುಡಿಯುತ್ತಿದ್ದರು. ಓದುಬರಹ ಬಾರದ ಹೆಂಗಸರು ಸಂಜೆ ಮಾಸ್ತರರ ಜಗಲಿಗೆ ಬಂದು ಗಂಡನಿಗೋ ಮಗನಿಗೋ ಬರೆಯಬೇಕಾದುದನ್ನು ತುಳುವಿನಲ್ಲಿ ಹೇಳುತ್ತಿದ್ದರು, ಮಾಸ್ತರರು ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದರು. ಮೊದಲು ಮಕ್ಕಳ ಪರೀಕ್ಷೆಯ ಉತ್ತರಪತ್ರಿಕೆಗಳಲ್ಲಿ ಉಳಿದ ಖಾಲಿ ಹಾಳೆಯ ಮೇಲೆ ಕರಡು, ಅದನ್ನು ಓದಿ ಹೇಳಿ ಒಪ್ಪಿಗೆಯಾದ ಮೇಲೆ ಇನ್‌ಲ್ಯಾಂಡಿನ ಮೇಲೆ ಶುದ್ಧಪ್ರತಿ. ಕರಡನ್ನು ಅವರು ಎಸೆಯಲಿಲ್ಲ; ಹಿಂದಿನ ಪತ್ರದಲ್ಲಿ ಏನು ಹೇಳಿತ್ತೆಂಬುದು ಮುಂದಿನ ಪತ್ರ ಬರೆಯುವಾಗ ಬೇಕಾಗುತ್ತಿತ್ತು. ಮುಂಬಯಿಯಿಂದ ಬಂದ ಮನಿಯಾರ್ಡರುಗಳ ಕೆಳತುದಿಯ ತುಣುಕನ್ನು, ಅದರಲ್ಲಿ ಎರಡು ಸಾಲು ಕ್ಷೇಮಸಮಾಚಾರ ಇರುತ್ತಿದ್ದುದರಿಂದ, ಅನೇಕರು ಅವರಲ್ಲಿಯೇ ಬಿಟ್ಟುಹೋಗುತ್ತಿದ್ದರು. ಹೀಗೆ ಮೂವತ್ತು ವರ್ಷಗಳ ಕಾಗದ, ಹಳೆಯ ಸೀರೆಯಂಚಿನ ಪಟ್ಟಿಗಳಿಂದ ಕಟ್ಟಿದ ಹತ್ತೊಂಬತ್ತು ಕಟ್ಟುಗಳಾಗಿ, ಒಂದು ತಗಡಿನ ಟ್ರಂಕಿನಲ್ಲಿ ಇತ್ತು.

ಮಾಸ್ತರರು ತೀರಿಕೊಂಡ ಮರುವರ್ಷ ಅವರ ಮಗ ಟ್ರಂಕನ್ನು ಕಾರಿನಲ್ಲಿ ತಂದು ನಮ್ಮ ಮೇಜಿನ ಮೇಲಿಟ್ಟರು. ನಾನು ಆಗ ಗ್ರಂಥಾಲಯ ವಿಜ್ಞಾನವನ್ನು ಕಲಿತಿದ್ದೆನೇ ಹೊರತು ಪತ್ರಾಗಾರದ ಕೆಲಸವನ್ನು ಯಾರ ಕೈಕೆಳಗೂ ಕಲಿತಿರಲಿಲ್ಲ. ಪುಸ್ತಕಗಳಿಗೆ ಒಂದು ಕ್ರಮ ಇರುವಂತೆ ಕಾಗದಗಳಿಗೆ ಕಾಲಾನುಕ್ರಮವೇ ಸರಿ ಎಂದು ನಂಬಿ, ಇಬ್ಬರು ವಿದ್ಯಾರ್ಥಿಗಳನ್ನು ಜೊತೆಗಿಟ್ಟುಕೊಂಡು, ಎಲ್ಲ ಕಟ್ಟುಗಳನ್ನೂ ಬಿಚ್ಚಿ, ಮೂರು ವಾರ ಕುಳಿತು ಒಂದೊಂದು ಹಾಳೆಯನ್ನೂ ತಾರೀಕಿನ ಪ್ರಕಾರ ಜೋಡಿಸಿದೆ. ಸೀರೆಯಂಚಿನ ಪಟ್ಟಿಗಳನ್ನು ಒಟ್ಟಿಗೆ ಒಂದು ಲಕೋಟೆಯಲ್ಲಿ ಹಾಕಿ, ಮೇಲೆ ‘ಬಟ್ಟೆ’ ಎಂದು ಬರೆದೆ. ಕೆಲಸ ಮುಗಿದಾಗ ಬಹಳ ಸಮಾಧಾನವಾಗಿತ್ತು.

ಆಮೇಲೆ ಒಂದು ದಿನ ಮಾಸ್ತರರ ಹೆಂಡತಿ, ಎಂಬತ್ತು ದಾಟಿದವರು, ಮಗನ ಜೊತೆ ನೋಡಲು ಬಂದರು. ಪೆಟ್ಟಿಗೆಗಳನ್ನು ಒಂದೊಂದಾಗಿ ತೆರೆದು ತೋರಿಸಿದೆ. ಅವರು ಸ್ವಲ್ಪ ಹೊತ್ತು ಹಾಳೆಗಳನ್ನು ಮಗುಚಿ ನೋಡಿ, “ಇದು ಹೀಗೆ ಇದ್ದದ್ದಲ್ಲ ಮಗಳೇ. ಕೆರೆಬದಿ ಮನೆಯವರ ಕಟ್ಟು ಎಲ್ಲಿ?” ಎಂದು ಕೇಳಿದರು. ಆಗ ನನಗೆ ಅರ್ಥವಾಯಿತು. ಒಂದೊಂದು ಕಟ್ಟು ಒಂದೊಂದು ಮನೆಯದ್ದಾಗಿತ್ತು. ಕರಡುಗಳಲ್ಲಿ ಹೆಸರುಗಳಿರಲಿಲ್ಲ, ‘ಮಕ್ಕಳ ಅಪ್ಪನಿಗೆ’, ‘ಚಿ| ಮಗನಿಗೆ ಆಶೀರ್ವಾದಗಳು’ ಎಂದಷ್ಟೇ ಇದ್ದುದರಿಂದ, ಕಟ್ಟನ್ನು ಬಿಟ್ಟರೆ ಆ ಪತ್ರ ಯಾವ ಮನೆಯ ಹೆಂಗಸಿನ ಮಾತು ಎಂದು ಹೇಳುವ ಬೇರೆ ಯಾವ ಗುರುತೂ ಇರಲಿಲ್ಲ. ಆ ಒಂದೇ ಗುರುತನ್ನು ನಾನು ಮೂರು ವಾರ ಶ್ರಮಪಟ್ಟು ಅಳಿಸಿಹಾಕಿದ್ದೆ. ಕೈಕಾಲು ತಣ್ಣಗಾದವು. ಅಮ್ಮ ಬೈಯಲಿಲ್ಲ, ಲಕೋಟೆಯಿಂದ ಪಟ್ಟಿಗಳನ್ನು ಹೊರಗೆ ಸುರಿಸಿಕೊಂಡು, “ಇದು ನನ್ನದೇ ಹಳೆ ಸೀರೆಯದ್ದು, ಇದರಲ್ಲಿ ಕಟ್ಟಿದ್ದು ಗುಡ್ಡೆಮನೆಯವರದ್ದು,” ಎಂದು ಗುರುತು ಹೇಳಲು ಆರಂಭಿಸಿದರು. ಹೆಚ್ಚಿನ ಪಟ್ಟಿಗಳು ಯಾವ ಮನೆಯವೆಂದು ಅವರಿಗೆ ಗೊತ್ತಿತ್ತು. ಆದರೆ ಯಾವ ಪಟ್ಟಿಯಲ್ಲಿ ಯಾವ ಹಾಳೆಗಳಿದ್ದವೆಂದು ಈಗ ಹೇಳಬೇಕಾದವಳು ನಾನು, ನನಗೆ ಅದು ಗೊತ್ತಿರಲಿಲ್ಲ.

ಅದನ್ನು ಸರಿಪಡಿಸಲು ಏಳು ತಿಂಗಳು ಹಿಡಿಯಿತು. ಮೊದಲ ದಾರಿ ತೋರಿಸಿದ್ದು ಹುಳ. ಪುಸ್ತಕದ ಹುಳ ಕಾಗದವನ್ನು ಕೊರೆಯುವಾಗ ಒಂದು ಹಾಳೆಯಲ್ಲಿ ನಿಲ್ಲುವುದಿಲ್ಲ, ಒತ್ತಿಕೊಂಡಿರುವ ಹಾಳೆಗಳ ಮೂಲಕ ಸುರಂಗದಂತೆ ಸಾಗುತ್ತದೆ. ಆದ್ದರಿಂದ ತೂತುಗಳನ್ನು ಒಂದರ ಮೇಲೊಂದು ಹೊಂದಿಸಿ ಬೆಳಕಿಗೆ ಹಿಡಿದರೆ, ಯಾವ ಹಾಳೆಯ ಕೆಳಗೆ ಯಾವುದು ಇತ್ತೆಂಬುದು ಕಾಣಿಸುತ್ತದೆ. ಹೀಗೆ ಹೊಂದಿಸಿದಾಗ 1958ರ ಒಂದು ಕರಡಿನ ಕೆಳಗೆ 1964ರ ಮನಿಯಾರ್ಡರು ತುಣುಕು ಬಂದು ಕುಳಿತಿತು, ನಾನು ಮಾಡಿದ್ದ ಕಾಲಾನುಕ್ರಮದಲ್ಲಿ ಅವೆರಡೂ ಬೇರೆ ಬೇರೆ ಪೆಟ್ಟಿಗೆಗಳಲ್ಲಿದ್ದವು. ಎರಡನೆಯ ದಾರಿ ಪಟ್ಟಿ ಬಿಗಿದು ಉಳಿದ ಗುರುತು: ಅಗಲ ಅಂಚಿನ ಪಟ್ಟಿ ಕಟ್ಟಿದ ಕಡೆ ಕಾಗದ ಅಗಲಕ್ಕೆ ಮಾಸದೆ ಬೆಳ್ಳಗೆ ಉಳಿದಿತ್ತು, ಸಣ್ಣ ಅಂಚಿನದು ಕಟ್ಟಿದ ಕಡೆ ಸಣ್ಣ ಗೆರೆ. ಒಂದು ಕೆಂಪು ಪಟ್ಟಿಯ ಬಣ್ಣ ಯಾವುದೋ ಮಳೆಗಾಲದಲ್ಲಿ ಬಿಟ್ಟು, ಆ ಕಟ್ಟಿನ ಮೇಲಿನ ಹತ್ತು ಹಾಳೆಗಳ ಅಂಚಿಗೆ ಹತ್ತಿಕೊಂಡಿತ್ತು. ಮೂರನೆಯದು ಅಮ್ಮನ ನೆನಪು. ಪತ್ರಗಳನ್ನು ಓದಿ ಹೇಳಿದಂತೆ, ಹಸು ಸತ್ತದ್ದು ಯಾರ ಮನೆಯಲ್ಲಿ, ನಾಗರಪಂಚಮಿಗೆ ಬಾರದ ಮಗನಿಗಾಗಿ ಕಾದು ಕುಳಿತವರು ಯಾರು ಎಂದು ಅವರು ಹೇಳುತ್ತಿದ್ದರು. ಹತ್ತೊಂಬತ್ತರಲ್ಲಿ ಹದಿನಾರು ಕಟ್ಟುಗಳು ಮತ್ತೆ ತಮ್ಮ ಮನೆಯ ಹೆಸರಿಗೆ ಸೇರಿದವು, ಮೂರರ ಮನೆ ಗೊತ್ತಾಗಲಿಲ್ಲ.

ಮೂಲದ ಕ್ರಮವನ್ನು ಕೆಡಿಸಬಾರದು, ಒಂದು ಮನೆಯ ಕಾಗದವನ್ನು ಮತ್ತೊಂದು ಮನೆಯದರೊಂದಿಗೆ ಬೆರೆಸಬಾರದು ಎಂಬುದು ಪತ್ರಾಗಾರ ಶಾಸ್ತ್ರದ ಮೊದಲ ಪಾಠ. ಅಂತರರಾಷ್ಟ್ರೀಯ ಪತ್ರಾಗಾರ ಮಂಡಳಿಯ ವಿವರಣಾ ಮಾನದಂಡವೂ ಸಂಗ್ರಹವನ್ನು ಮೊದಲು ಇಡಿಯಾಗಿ ನೋಡಿ, ಆಮೇಲೆ ಅದರ ಭಾಗಗಳಿಗೆ, ಕಡತಗಳಿಗೆ, ಬಿಡಿ ಹಾಳೆಗಳಿಗೆ ಇಳಿದು ವಿವರಿಸಬೇಕೆನ್ನುತ್ತದೆ. ನಾನು ಅದನ್ನು ಓದಿದ್ದು ಈ ಘಟನೆಯ ನಂತರ. ಓದಿದಾಗ ಮಾಸ್ತರರ ಟ್ರಂಕು ಕಣ್ಣೆದುರು ಬಂದು, ನಿಯಮದ ಪ್ರತಿಯೊಂದು ಶಬ್ದವೂ ನನಗೇ ಹೇಳಿದಂತೆ ಕೇಳಿಸಿತು.

ಅಲ್ಲಿಂದ ಮುಂದೆ ನಮ್ಮ ಕೆಲಸ ಪತ್ರಾಗಾರದ ಮೇಜಿನಿಂದ ಮನೆಗಳ ಜಗಲಿಗೆ ಸ್ಥಳಾಂತರವಾಯಿತು. ಮೊದಲ ಭೇಟಿಯಲ್ಲಿ ನಾವು ಏನನ್ನೂ ತರುವುದಿಲ್ಲ. ಕಾಗದ ಎಲ್ಲಿದೆಯೋ ಅಲ್ಲಿ, ಅಟ್ಟವಾದರೆ ಅಟ್ಟದಲ್ಲಿ, ದೇವರ ಕೋಣೆಯ ಕಪಾಟಾದರೆ ಅಲ್ಲಿಯೇ, ಮುಟ್ಟುವ ಮೊದಲು ಫೋಟೋ ತೆಗೆಯುತ್ತೇವೆ. ಪೆನ್ಸಿಲಿನಲ್ಲಿ ಬರೆದ ಸಂಖ್ಯೆಯ ಚೀಟಿಯನ್ನು ಪ್ರತಿ ಕಟ್ಟಿಗೂ ಸಿಕ್ಕಿಸುತ್ತೇವೆ. ಮನೆಯ ಹಿರಿಯರನ್ನು ಕೂರಿಸಿಕೊಂಡು, ಇದನ್ನು ಯಾರು ಇಟ್ಟರು, ಯಾಕೆ ಹೀಗೆ ಇಟ್ಟರು, ಮನೆಯಲ್ಲಿ ಇದಕ್ಕೆ ಏನೆಂದು ಕರೆಯುತ್ತೀರಿ ಎಂದು ಕೇಳಿ ಧ್ವನಿಮುದ್ರಿಸುತ್ತೇವೆ. ಮನೆಯವರ ಶಬ್ದವನ್ನೇ ಸೂಚಿಯಲ್ಲಿ ಬರೆಯುತ್ತೇವೆ: ಒಂದು ಮನೆಯಲ್ಲಿ ಗೇಣಿಯ ಲೆಕ್ಕಕ್ಕೆ ‘ಮುಡಿ ಪುಸ್ತಕ’ ಎನ್ನುತ್ತಿದ್ದರು, ಅದು ನಮ್ಮ ಸೂಚಿಯಲ್ಲಿಯೂ ಮುಡಿ ಪುಸ್ತಕವೇ. ಅದರೊಳಗಿನ ಮುಡಿ, ಕಳಸೆ, ಸೇರು ಎಂಬ ಹಳೆಯ ಅಳತೆಗಳನ್ನು ಕಿಲೋಗ್ರಾಮಿಗೆ ತಿರುಗಿಸಲು ಹೊರಟ ವಿದ್ಯಾರ್ಥಿಯನ್ನು ನಾನು ತಡೆದೆ. ಅಳತೆ ಊರಿನಿಂದ ಊರಿಗೆ ಬೇರೆಯಾಗುತ್ತಿತ್ತು, ಅಲ್ಲಿ ಬರೆದದ್ದು ಬರೆದಂತೆಯೇ ಇರಬೇಕು. ಎರಡನೆಯ ಅಥವಾ ಮೂರನೆಯ ಭೇಟಿಯಲ್ಲಿ ಮಾತ್ರ, ಮನೆಯವರು ಒಪ್ಪಿದರೆ, ಪೆಟ್ಟಿಗೆ ಮನೆಯ ಹೊಸ್ತಿಲು ದಾಟುತ್ತದೆ. ತಿಂಗಳಿಗೆ ಒಂದು ಮನೆಗಿಂತ ಹೆಚ್ಚು ನಮ್ಮಿಂದ ಆಗುವುದಿಲ್ಲ. ವರ್ಷಕ್ಕೆ ಎಷ್ಟು ಸಂಗ್ರಹವಾಯಿತೆಂದು ಕೇಳುವ ಮೇಲಿನವರಿಗೆ ಈ ನಿಧಾನವನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ, ಈಗಲೂ ಸುಲಭವಲ್ಲ.

ಯಾರು ಕೊಡಬಹುದು ಎಂಬ ಪ್ರಶ್ನೆ ನಮ್ಮ ಜಿಲ್ಲೆಗಳಲ್ಲಿ ವಿಶೇಷವಾಗಿ ತೊಡಕಿನದು. ತಾಯಿಯ ಕಡೆಯಿಂದ ಆಸ್ತಿ ಇಳಿದುಬರುವ ಅಳಿಯಸಂತಾನದ ಕುಟುಂಬಗಳಲ್ಲಿ ಹಿರಿಯರ ಮನೆಯ ಓಲೆಗಳೂ ಕಾಗದಗಳೂ ಹೆಣ್ಣಿನ ಸಂತತಿಯ ಕವರುಗಳಿಗೆಲ್ಲ, ಅಂದರೆ ಕುಟುಂಬದ ಕವಲುಗಳಿಗೆಲ್ಲ, ಸೇರಿದವು. ಯಜಮಾನರೊಬ್ಬರ ಸಹಿ ತೆಗೆದುಕೊಂಡು ತಂದರೆ ಮುಂದಿನ ವರ್ಷ ದೈವದ ನೇಮದ ದಿನ ಎಲ್ಲರೂ ಸೇರಿದಾಗ ಅದೇ ಜಗಳಕ್ಕೆ ಕಾರಣವಾದೀತು. ಆದ್ದರಿಂದ ನಾವು ಅಂಥ ಮನೆಗಳಿಗೆ ಕುಟುಂಬದವರು ಸೇರುವ ದಿನವೇ ಹೋಗಿ, ಎಲ್ಲರೆದುರು ವಿಷಯ ಹೇಳಿ, ಪ್ರತಿ ಕವರಿನ ಒಬ್ಬರಿಂದಾದರೂ ಸಹಿ ಪಡೆಯುತ್ತೇವೆ. ಕೊಡುಗೆ ಪತ್ರವನ್ನು ಸರಳ ಕನ್ನಡದಲ್ಲಿ ಒಂದೇ ಪುಟಕ್ಕೆ ಇಳಿಸಿದ್ದೇವೆ: ಮೂಲವನ್ನು ಕೊಡುತ್ತೀರೋ, ಪ್ರತಿ ತೆಗೆಯಲು ಮಾತ್ರ ಕೊಡುತ್ತೀರೋ, ಯಾರು ನೋಡಬಹುದು, ಯಾವಾಗಿನಿಂದ, ಹಿಂದಕ್ಕೆ ಬೇಕೆನಿಸಿದರೆ ಏನು ಮಾಡಬೇಕು. ಎಲ್ಲ ಕಾಗದಗಳ ಸ್ಕ್ಯಾನ್ ಪ್ರತಿಯನ್ನು ಮನೆಗೆ ತಲುಪಿಸುವುದು ನಮ್ಮ ಕರ್ತವ್ಯವೆಂದು ಅದರಲ್ಲಿಯೇ ಬರೆದಿದೆ.

ಭೂಮಿಯ ದಾಖಲೆಗಳ ಮೂಲವನ್ನು ನಾವು ತರುವುದೇ ಇಲ್ಲ. 1974ರ ಭೂಸುಧಾರಣೆಯ ತಿದ್ದುಪಡಿಯ ನಂತರ ಗೇಣಿದಾರರು ಭೂನ್ಯಾಯ ಮಂಡಳಿಗೆ ಕೊಟ್ಟ ಫಾರಂ ನಂಬರ್ 7ರ ಪ್ರತಿ, ಜನ ಡಿಕ್ಲರೇಶನ್ ಎಂದು ಕರೆಯುವ ಆ ಹಾಳೆ, ಎಷ್ಟೋ ಮನೆಗಳಲ್ಲಿ ದೇವರ ಫೋಟೋದ ಹಿಂದೆಯೇ ಇರುತ್ತದೆ. ಚಾಲಗೇಣಿಯ (ತಾತ್ಕಾಲಿಕ ಗೇಣಿಯ) ರಶೀದಿ, ಮೂಲಗೇಣಿಯ (ಶಾಶ್ವತ ಗೇಣಿಯ) ಚೀಟಿ, ಮಂಡಳಿಯ ತೀರ್ಪು ಎಲ್ಲವೂ ಜೊತೆಗಿರುತ್ತವೆ. ಇಂಥ ಕಾಗದ ಮನೆಯ ಹೊರಗೆ ಹೋಗುವುದೆಂದರೆ ಕಾಲ ಕೆಳಗಿನ ನೆಲವೇ ಹೋದಂತೆ ಎಂಬ ಭಯ ನ್ಯಾಯವಾದದ್ದು. ಅವರ ಜಗಲಿಯಲ್ಲಿಯೇ ಸ್ಕ್ಯಾನರ್ ಇಟ್ಟು, ಅವರ ಕಣ್ಣೆದುರೇ ಪ್ರತಿ ತೆಗೆದು, ಮೂಲವನ್ನು ಅವರ ಕೈಯಲ್ಲಿಯೇ ಬಿಟ್ಟು ಬರುತ್ತೇವೆ. ಆ ಪ್ರತಿಯನ್ನೂ ಮನೆಯವರು ಹೇಳುವವರೆಗೆ ಯಾರಿಗೂ ತೋರಿಸುವುದಿಲ್ಲ.

ಮಾಸ್ತರರ ಪತ್ರಗಳು ಇನ್ನೂ ಸೂಕ್ಷ್ಮವಾದ ಪ್ರಶ್ನೆಯನ್ನು ತಂದಿಟ್ಟವು. ಪತ್ರದ ಕಾಗದ ಪಡೆದವರ ಸ್ವತ್ತಾದರೂ ಅದರ ಮಾತಿನ ಮೇಲಿನ ಹಕ್ಕು ಬರೆದವರದ್ದು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಆ ಹಕ್ಕು ಬರೆದವರ ಮರಣದ ನಂತರವೂ 60 ವರ್ಷ ಇರುತ್ತದೆ. ಇಲ್ಲಿ ಅಕ್ಷರ ಮಾಸ್ತರರದ್ದು, ಮಾತು ಹೆಂಗಸರದ್ದು. ಮಾಸ್ತರರ ಮಗ ಒಪ್ಪಿಗೆಯ ಸಹಿ ಹಾಕಿದ್ದರು, ಆದರೆ ಗಂಡ ಹಣ ಕಳುಹಿಸದ ಎರಡು ವರ್ಷ ಗಂಜಿನೀರಿನಲ್ಲಿ ಮಕ್ಕಳನ್ನು ಸಾಕಿದ ಸಂಗತಿಯನ್ನು ಜಗತ್ತಿಗೆ ತೋರಿಸಲು ಒಪ್ಪಿಗೆ ಕೊಡಬೇಕಾದವರು ಅವರೇ ಎಂದು ನನಗೆ ತೋರಲಿಲ್ಲ. ಗುರುತಾದ ಹದಿನಾರು ಮನೆಗಳಿಗೂ ಹೋದೆವು. ಹನ್ನೊಂದು ಮನೆಯವರು ಓದುಗರಿಗೆ ತೆರೆಯಲು ಒಪ್ಪಿದರು, ಅವರಲ್ಲಿ ಮೂವರು ಮನೆಯ ಹೆಸರನ್ನು ಮರೆಸಬೇಕೆಂದು ಕೇಳಿದರು. ನಾಲ್ಕು ಮನೆಯವರು ಈಗಿನ ತಲೆಮಾರು ಇರುವವರೆಗೆ ಬೇಡವೆಂದರು. ಆ ಪೆಟ್ಟಿಗೆಗಳನ್ನು ಮೊಹರು ಮಾಡಿ, ತೆರೆಯಬಹುದಾದ ವರ್ಷವನ್ನು ಮೇಲೆ ಬರೆದಿದ್ದೇವೆ. ಒಂದು ಮನೆಯವರು ತಮ್ಮ ಕಟ್ಟನ್ನು ಹಿಂದಕ್ಕೆ ಕೇಳಿದರು, ಕೊಟ್ಟೆವು.

ಬೀಡಿ ಪಾಸ್‌ಬುಕ್ಕಿನ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಬಂಟ್ವಾಳ ಕಡೆಯ ಒಂದು ಮನೆಗೆ ನಾವು ಹೋದದ್ದು ಯಕ್ಷಗಾನದ ಪ್ರಸಂಗದ ಓಲೆಗಳಿಗಾಗಿ. ಮನೆಯ ಅಕ್ಕ ಚಹಾ ತಂದಿಟ್ಟು, ತಮ್ಮ ಬಳಿಯೂ ಕೆಲವು ಪುಸ್ತಕಗಳಿವೆಯೆಂದು ಸಂಕೋಚದಿಂದ ಹೇಳಿ, ಬಿಸ್ಕತ್ತಿನ ಡಬ್ಬಿಯಿಂದ ಹನ್ನೊಂದು ಪಾಸ್‌ಬುಕ್ಕುಗಳನ್ನು ಹೊರತೆಗೆದರು. “ಇದು ಯಾವ ದಾಖಲೆ ಟೀಚರೇ, ನಾನು ಕಟ್ಟಿದ ಬೀಡಿಯ ಲೆಕ್ಕ,” ಎಂದರು. ಒಂದೊಂದು ಪುಟದಲ್ಲಿಯೂ ತಾರೀಕು, ಕೊಟ್ಟ ಎಲೆಯ ತೂಕ, ಹೊಗೆಸೊಪ್ಪಿನ ತೂಕ, ತಂದೊಪ್ಪಿಸಿದ ಬೀಡಿಯ ಸಂಖ್ಯೆ, ಅದರಲ್ಲಿ ಸರಿಯಿಲ್ಲವೆಂದು ತೆಗೆದುಹಾಕಿದ್ದು. ಒಂದು ಪುಟದಲ್ಲಿ ನಲವತ್ತು ದಿನಗಳ ಖಾಲಿ. ಅದು ಮಗಳು ಹುಟ್ಟಿದ ಸಮಯವೆಂದು ಹೇಳಿದರು. ಮತ್ತೊಂದು ಕಡೆ ಒಂದೇ ವಾರದಲ್ಲಿ ಎಂದಿನ ಎರಡರಷ್ಟು ಬೀಡಿ. ಅದು ಶಾಲೆ ಆರಂಭವಾಗುವ ಜೂನ್ ತಿಂಗಳ ಮೊದಲ ವಾರ. ಬೀಡಿ ಮತ್ತು ಚುಟ್ಟಾ ಕೆಲಸಗಾರರ ಕಾಯಿದೆ ಬಂದದ್ದು 1966ರಲ್ಲಿ. ಅದು ಒಂದು ಮನೆಯ ಜಗಲಿಯನ್ನು ತಲುಪಿತೇ, ತಲುಪಿದಾಗ ಏನಾಯಿತು ಎಂಬುದನ್ನು ತಿಳಿಯಬೇಕಾದವರಿಗೆ ಈ ಹನ್ನೊಂದು ಪುಸ್ತಕಗಳಿಗಿಂತ ಹತ್ತಿರದ ಸಾಕ್ಷಿ ನನ್ನ ಬಳಿ ಬೇರೆ ಇಲ್ಲ. ಓಲೆಗಳ ಜೊತೆ ಅವನ್ನೂ ತಂದೆವು, ಅಕ್ಕನ ಹೆಸರಿನಲ್ಲಿಯೇ ಪ್ರತ್ಯೇಕ ಸಂಗ್ರಹವಾಗಿ ಪರಿಗ್ರಹಣ ಸಂಖ್ಯೆ (ದಾಖಲಾತಿಯ ಕ್ರಮಸಂಖ್ಯೆ) ಕೊಟ್ಟೆವು. ಗಂಡನ ಸಂಗ್ರಹದ ಅನುಬಂಧವಾಗಿ ಅದು ಹೋಗಬಾರದೆಂದು ನಾನು ಹಟ ಹಿಡಿದೆ.

ತಂದ ಕಾಗದವನ್ನು ಉಳಿಸುವುದು ನಮ್ಮ ಮಳೆಯ ಜೊತೆಗಿನ ಹೋರಾಟ. ಕೈಪಿಡಿಗಳು ಸಾಪೇಕ್ಷ ಆರ್ದ್ರತೆ ಶೇ. 45ರಿಂದ 55ರೊಳಗೆ ಇರಬೇಕೆನ್ನುತ್ತವೆ, ಶೇ. 65 ದಾಟಿದರೆ ಬೂಷ್ಟು ಹಿಡಿಯುವ ಭಯವಿದೆ. ನಮ್ಮ ಕೋಣೆಯ ಮಾಪಕ ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಶೇ. 85 ತೋರಿಸುತ್ತಿತ್ತು. ಮೊದಲು ಎ.ಸಿ. ಹಾಕಿಸಿದರು. ಅದನ್ನು ಕಚೇರಿ ಮುಚ್ಚುವಾಗ ಆರಿಸಿ, ಬೆಳಿಗ್ಗೆ ಹಾಕುತ್ತಿದ್ದೆವು. ರಾತ್ರಿ ಹೊರಗಿನ ತೇವದ ಗಾಳಿ ಒಳಗೆ ನುಗ್ಗಿ ತಣ್ಣಗಿದ್ದ ಉಕ್ಕಿನ ಕಪಾಟಿನ ಮೇಲೆ ಹನಿಗಟ್ಟುವುದನ್ನು ಕಂಡ ಮೇಲೆ, ದಿನಕ್ಕೆರಡು ಬಾರಿ ಏರಿಳಿಯುವ ಹವೆಗಿಂತ ಒಂದೇ ಸಮನಾದ ಸ್ವಲ್ಪ ಹೆಚ್ಚಿನ ತೇವವೇ ವಾಸಿ ಎಂದು ತಿಳಿಯಿತು. ಈಗ ಎರಡು ತೇವಹೀರುವ ಯಂತ್ರಗಳು ಹಗಲಿರುಳೂ ನಡೆಯುತ್ತವೆ, ಕಪಾಟುಗಳು ಗೋಡೆಯಿಂದ ಒಂದಡಿ ದೂರದಲ್ಲಿ ನಿಂತಿವೆ, ನೆಲದಿಂದ ಅರ್ಧ ಅಡಿಯೊಳಗೆ ಏನನ್ನೂ ಇಡುವುದಿಲ್ಲ. ಆಮ್ಲರಹಿತ ಪೆಟ್ಟಿಗೆಗಳಿಗೆ ಹಣ ಸಾಲದ ವರ್ಷಗಳಲ್ಲಿ, ಗಂಜಿ ತೆಗೆಯಲು ಚೆನ್ನಾಗಿ ಒಗೆದ ಕೋರಾ ಬಟ್ಟೆಯಲ್ಲಿ ಸುತ್ತಿಟ್ಟೆವು. ಬಟ್ಟೆ ತೇವವನ್ನು ತಾನು ಹೀರಿ ನಿಧಾನವಾಗಿ ಬಿಡುತ್ತದೆ, ಪ್ಲಾಸ್ಟಿಕ್ ಚೀಲದಂತೆ ಒಳಗೆ ಹಿಡಿದಿಡುವುದಿಲ್ಲ. ಒರಲೆ, ಹುಳಗಳಿದ್ದ ಮನೆಗಳಿಂದ ಬಂದ ಕಟ್ಟುಗಳನ್ನು ಪಾಲಿಥೀನಿನಲ್ಲಿ ಗಾಳಿಯಾಡದಂತೆ ಮುಚ್ಚಿ ಮೈನಸ್ 20 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಒಂದು ವಾರ ಇಡುತ್ತೇವೆ, ಹೊರತೆಗೆದು ಕೋಣೆಯ ಶಾಖಕ್ಕೆ ಬರುವವರೆಗೆ ಚೀಲ ಬಿಚ್ಚುವುದಿಲ್ಲ. ಇದರಿಂದ ಔಷಧಿಯ ಹೊಗೆಯನ್ನು ಉಸಿರಾಡುವ ಕಷ್ಟ ವಿದ್ಯಾರ್ಥಿಗಳಿಗೆ ತಪ್ಪಿತು.

ಮನೆಯವರು ಪ್ರೀತಿಯಿಂದ ಮಾಡಿಟ್ಟ ರಕ್ಷಣೆಯೇ ಕೆಲವೊಮ್ಮೆ ಹೆಚ್ಚು ಹಾನಿ ಮಾಡಿರುತ್ತದೆ: ಲ್ಯಾಮಿನೇಶನ್ ಮಾಡಿದ ಪತ್ರವನ್ನು ಬಿಡಿಸುವಂತಿಲ್ಲ, ಹರಿದಲ್ಲಿ ಹಚ್ಚಿದ ಸೆಲೋಟೇಪು ಹಳದಿಯಾಗಿ ಅಕ್ಷರವನ್ನೇ ಎಬ್ಬಿಸಿಕೊಂಡು ಬರುತ್ತದೆ, ಗುಂಡುಸೂಜಿ ತುಕ್ಕು ಹಿಡಿದು ಮೂರು ಹಾಳೆಗೆ ತೂತು ಕೊರೆಯುತ್ತದೆ. ಭೇಟಿಗೆ ಹೋದ ಮನೆಗಳಲ್ಲೆಲ್ಲ ನಾನು ಮೊದಲು ಹೇಳುವುದು ಈ ಮೂರನ್ನೇ, ಕಾಗದ ನಮಗೆ ಬಾರದಿದ್ದರೂ ಸರಿ.

ಒಂದು ಮಳೆಗಾಲದಲ್ಲಿ ತಾರಸಿಯ ನೀರು ಹೋಗುವ ಕೊಳವೆಗೆ ತರಗೆಲೆ ಕಟ್ಟಿ, ಶನಿವಾರ ರಾತ್ರಿ ಗೋಡೆಯ ಬಿರುಕಿನಿಂದ ಇಳಿದ ನೀರು ಎರಡು ಕಪಾಟುಗಳನ್ನು ನೆನೆಸಿತು. ಭಾನುವಾರ ಮಧ್ಯಾಹ್ನ ಕಾವಲುಗಾರರು ಫೋನ್ ಮಾಡಿದರು. ನೆನೆದ ಕಾಗದಕ್ಕೆ ಬೂಷ್ಟು ಹತ್ತಲು 48 ಗಂಟೆ ಸಾಕು, ಅದರಲ್ಲಿ ಎಷ್ಟು ಕಳೆದಿತ್ತೆಂದು ನಮಗೆ ಗೊತ್ತಿರಲಿಲ್ಲ. ಬಾಲ್‌ಪೆನ್ನಿನ ಬರಹ, ಟೈಪು ಮಾಡಿದ್ದು ಸ್ವಲ್ಪ ತಡೆಯುತ್ತದೆ, ನೀಲಿ ಶಾಯಿಯ ಪೆನ್ನಿನ ಬರಹ ನಿಲ್ಲುವುದಿಲ್ಲ; ಆದ್ದರಿಂದ ಶಾಯಿಯದನ್ನು ಮೊದಲು ಬೇರ್ಪಡಿಸಿ, ಹಾಳೆಗಳ ನಡುವೆ ಅಚ್ಚಾಗದ ಸುದ್ದಿಕಾಗದವನ್ನು ಇಟ್ಟು, ಗಂಟೆಗೊಮ್ಮೆ ಬದಲಾಯಿಸುತ್ತ, ಫ್ಯಾನನ್ನು ಕಾಗದದ ಕಡೆಗೆ ತಿರುಗಿಸದೆ ಗೋಡೆಯ ಕಡೆಗೆ ತಿರುಗಿಸಿ ಒಣಗಿಸಿದೆವು. ಕೈ ಸಾಲದ ನಾಲ್ಕು ಪೆಟ್ಟಿಗೆಗಳನ್ನು ಒದ್ದೆಯಾಗಿದ್ದಂತೆಯೇ ಡೀಪ್ ಫ್ರೀಜರಿಗೆ ಹಾಕಿದೆವು. ಹೆಪ್ಪುಗಟ್ಟಿದ ಕಾಗದದಲ್ಲಿ ಬೂಷ್ಟು ಬೆಳೆಯುವುದಿಲ್ಲ, ಆಮೇಲೆ ಸ್ವಲ್ಪಸ್ವಲ್ಪವಾಗಿ ಹೊರತೆಗೆದು ಒಣಗಿಸಬಹುದು. ರಾತ್ರಿ ಹನ್ನೊಂದರವರೆಗೆ ಹಾಸ್ಟೆಲಿನ ಹದಿನಾಲ್ಕು ಮಕ್ಕಳು ನಮ್ಮೊಂದಿಗೆ ನಿಂತರು. ಒಂದು ಭಜನಾ ಮಂದಿರದ ನಡಾವಳಿ ಪುಸ್ತಕದ ಆರು ಪುಟಗಳು ಮಾತ್ರ ನೀಲಿ ಕಲೆಯಾಗಿ ಹೋದವು. ಆ ಮಂದಿರದವರಿಗೆ ನಾನೇ ಹೋಗಿ ತಿಳಿಸಿದೆ.

ಕ್ಯಾಸೆಟ್ಟುಗಳ ವಿಷಯ ಚುಟುಕಾಗಿ ಹೇಳುತ್ತೇನೆ. ತಾಳಮದ್ದಳೆಯ ಮುದ್ರಣಗಳ ಜೊತೆಗೆ, ಗಲ್ಫಿಗೆ ಹೋದವರೂ ಮನೆಯವರೂ ಪತ್ರದ ಬದಲು ಮಾತನಾಡಿ ಕಳುಹಿಸಿಕೊಂಡ ಕ್ಯಾಸೆಟ್ಟುಗಳು ಬರುತ್ತವೆ. ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ನುಡಿಸಲೇಬಾರದು, ಮೊದಲು ಶುಚಿಮಾಡಬೇಕು. ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಮುರಿದರೆ ತಪ್ಪಿ ಅಳಿಸಿಹೋಗುವ ಭಯವಿಲ್ಲ. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆ ಕೂರಲೇಬೇಕು, ಅದಕ್ಕೆ ಅಡ್ಡದಾರಿಯಿಲ್ಲ. ಕುಗ್ಗಿಸದ ವೇವ್ ಕಡತವಾಗಿ, 96 ಕಿಲೋಹರ್ಟ್ಸ್, 24 ಬಿಟ್ಟಿನಲ್ಲಿ ಇಡುತ್ತೇವೆ.

ಗಣಕದಲ್ಲಿ ಹುಟ್ಟಿದ ದಾಖಲೆಗಳು ಓಲೆಗಿಂತ ಬೇಗ ಓದಲಾಗದಂತಾಗುತ್ತವೆಂದು ಹೇಳಿದರೆ ಜನ ನಂಬುವುದಿಲ್ಲ. ಒಂದು ಯುವಕ ಮಂಡಲದವರು ತಮ್ಮ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಯ ಕಡತಗಳನ್ನು ಸಿ.ಡಿ.ಯಲ್ಲಿ ತಂದರು. ಪುಟವಿನ್ಯಾಸದ ಹಳೆಯ ತಂತ್ರಾಂಶವಾದ ಪೇಜ್‌ಮೇಕರಿನಲ್ಲಿ, ಎಲ್ಲ ಗಣಕಗಳೂ ಓದಬಲ್ಲ ಯೂನಿಕೋಡ್ ಸಂಕೇತದಲ್ಲಿಲ್ಲದ ‘ನುಡಿ’ ಫಾಂಟಿನಲ್ಲಿ ಮಾಡಿದ್ದು. ತೆರೆದಾಗ ಪರದೆಯ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು. ಯೂನಿಕೋಡಿಗೆ ಪರಿವರ್ತಿಸುವಾಗ ಅರ್ಕಾವತ್ತು, ಒತ್ತಕ್ಷರಗಳು ಕೆಟ್ಟುಹೋದುದನ್ನು ಅಚ್ಚಾದ ಪ್ರತಿಯೊಂದಿಗೆ ಸಾಲುಸಾಲಾಗಿ ಹೋಲಿಸಿ ತಿದ್ದಬೇಕಾಯಿತು. ಈಗ ಯಾವ ಕಡತ ಬಂದರೂ ಮೂಲವನ್ನು ಹಾಗೆಯೇ ಇಟ್ಟು, ಪಕ್ಕದಲ್ಲಿ ಯೂನಿಕೋಡ್ ಪ್ರತಿಯನ್ನೂ ಪಿ.ಡಿ.ಎಫ್. ಪ್ರತಿಯನ್ನೂ ಮಾಡುತ್ತೇವೆ, ಮೂರು ಕಡೆ ಉಳಿಸುತ್ತೇವೆ, ಅದರಲ್ಲಿ ಒಂದು ಊರಿನಿಂದ ಹೊರಗೆ.

ಸೂಚಿ ಮಾಡುವಾಗ ನಮ್ಮ ಊರಿನ ಭಾಷೆಗಳು ಒಂದು ಶಿಸ್ತನ್ನು ಕಲಿಸಿದವು. ಒಂದೇ ನಗರ ಕನ್ನಡದ ಕಾಗದದಲ್ಲಿ ಮಂಗಳೂರು, ತುಳುವರ ಪತ್ರದಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿಗಳಲ್ಲಿ ಮೈಕಾಲ. ಬರೆದವರ ಹೆಸರನ್ನು ಬದಲಾಯಿಸದೆ, ನಾಲ್ಕನ್ನೂ ಒಂದಕ್ಕೊಂದು ಕಟ್ಟಿ, ಯಾವುದನ್ನು ಹುಡುಕಿದರೂ ಎಲ್ಲವೂ ಸಿಗುವಂತೆ ಮಾಡಿದೆವು. ಮನೆಯ ಹೆಸರುಗಳಿಗೂ ಇದೇ ಕ್ರಮ, ಏಕೆಂದರೆ ನಮ್ಮಲ್ಲಿ ವ್ಯಕ್ತಿಯ ಹೆಸರಿಗಿಂತ ಮನೆಯ ಹೆಸರಿನಿಂದಲೇ ಹುಡುಕುವವರು ಹೆಚ್ಚು.

ಮಾಸ್ತರರ ಸಂಗ್ರಹದಲ್ಲಿ ಮನೆ ತಿಳಿಯದೆ ಉಳಿದ ಮೂರು ಕಟ್ಟುಗಳಲ್ಲಿ ಎರಡರ ಮನೆ ಹೋದ ವರ್ಷ ಗೊತ್ತಾಯಿತು. ಕೆರೆಬದಿ ಮನೆಯ ಮೊಮ್ಮಗಳು ಅಜ್ಜಿಯ ಪತ್ರಗಳನ್ನು ಓದಲು ಬಂದಿದ್ದಾಗ, ಮೇಜಿನ ಮೇಲಿದ್ದ ಬೇರೆ ಎರಡು ಹಾಳೆಗಳಲ್ಲಿ ಬಂದ ಕಂಬಳದ ಕೋಣದ ಹೆಸರನ್ನು ಗುರುತಿಸಿ, ಅದು ನೆರೆಯ ಯಾವ ಮನೆಯದೆಂದು ಹೇಳಿದಳು. ಆ ಎಳೆ ಹಿಡಿದು ಹೋದಾಗ ಎರಡನೆಯ ಮನೆಯೂ ಸಿಕ್ಕಿತು. ಉಳಿದದ್ದು ಒಂದು, ನೀಲಿಯ ಮೇಲೆ ಬಿಳಿ ಚುಕ್ಕಿಯಿದ್ದ ಅಂಚಿನ ಪಟ್ಟಿಯದ್ದು, ಇಪ್ಪತ್ತಾರು ಹಾಳೆಗಳು. ಎಲ್ಲದರಲ್ಲಿಯೂ ಒಬ್ಬ ತಾಯಿ ಮಗನಿಗೆ ಮಲ್ಲಿಗೆ ಗಿಡದ ಸುದ್ದಿ ಬರೆಸಿದ್ದಾಳೆ, ಎಷ್ಟು ಚೆಂಡು ಮಲ್ಲಿಗೆ ಹೋಯಿತು, ಗಿಡಕ್ಕೆ ಯಾವ ಗೊಬ್ಬರ ಹಾಕಿದೆ ಎಂದು. ಸೂಚಿಯಲ್ಲಿ ಅದರ ಎದುರು ‘ಮನೆ ತಿಳಿದಿಲ್ಲ’ ಎಂದಿದೆ. ಮಾಸ್ತರರ ಹೆಂಡತಿ ಈಗಿಲ್ಲ. ಆ ಪಟ್ಟಿಯ ಫೋಟೋ ನನ್ನ ಕೈಚೀಲದಲ್ಲಿದೆ. ಕಾಪು, ಶಿರ್ವ, ಶಂಕರಪುರದ ಕಡೆ ಯಾವ ಮನೆಗೆ ಹೋದರೂ, ಹೊರಡುವ ಮೊದಲು, ಮನೆಯ ಹಿರಿಯ ಹೆಂಗಸರಿಗೆ ಅದನ್ನು ತೋರಿಸಿ ಕೇಳುತ್ತೇನೆ.